ಲಕ್ಷ್ಮೀಪುರಂ ಮನೆಯ ಕಬ್ಬಿಣದ ಪೆಟ್ಟಿಗೆ

ಮೂವತ್ತೆರಡು ವರ್ಷ ಅಲೆದು ಸವರಿಮುತ್ತು ಕೂಡಿಹಾಕಿದ್ದು ನಲವತ್ತೊಂದು ಸಾಮಾನು. ಅವನ ಭಾಮೈದ ಕೆವಿನ್ ಹದಿನಾಲ್ಕೇ ತಿಂಗಳಲ್ಲಿ ಅದನ್ನು ದಾಟಿಕೊಂಡು ಹೋದ.

ಸವರಿಮುತ್ತು ಮೇಟಗಳ್ಳಿಯ ಒಂದು ಕಾರ್ಖಾನೆಯ ಟೂಲ್‌ರೂಮಿನಲ್ಲಿ ಫಿಟ್ಟರ್ ಆಗಿದ್ದು ನಿವೃತ್ತನಾದವನು. ಅರ ಹಿಡಿದು ಕಬ್ಬಿಣ ತೀಡುವುದರಲ್ಲಿ ಅವನಂಥ ಕೈ ಇನ್ನೊಂದಿಲ್ಲ ಎಂದು ಜೊತೆಯವರೆಲ್ಲ ಒಪ್ಪಿಕೊಂಡಿದ್ದರು. ಮದುವೆಯಾದ ಹೊಸದರಲ್ಲಿ ಮಂಡಿ ಮೊಹಲ್ಲಾದ ಗುಜರಿ ಅಂಗಡಿಯೊಂದರಲ್ಲಿ ಹಳೆಯ ಬೇರಿಂಗು ಹುಡುಕುತ್ತಿದ್ದಾಗ ಅವನಿಗೆ ಒಂದು ವಿಚಿತ್ರ ಕತ್ತರಿ ಸಿಕ್ಕಿತು. ಹಿತ್ತಾಳೆಯದು. ಒಂದು ಅಲಗಿನ ಮೇಲೆ ಪುಟ್ಟದೊಂದು ಡಬ್ಬಿ ಕೂರಿಸಿದ್ದರು. ಅದೇನೆಂದು ಅಂಗಡಿಯವನಿಗೂ ಗೊತ್ತಿರಲಿಲ್ಲ. ತಿಂಗಳುಗಟ್ಟಲೆ ಕೇಳಿಕೊಂಡು ತಿರುಗಿದ ಮೇಲೆ, ಸೆಮಿನರಿಯಲ್ಲಿದ್ದ ಒಬ್ಬ ವಯಸ್ಸಾದ ಇಟಲಿಯ ಪಾದ್ರಿಗಳು ಅದನ್ನು ಕೈಗೆ ತೆಗೆದುಕೊಂಡು ನಕ್ಕರು. ಮೇಣದಬತ್ತಿಯ ಕರಿಕಾದ ಬತ್ತಿ ಕತ್ತರಿಸುವ ಕತ್ತರಿ ಅದು, ಕತ್ತರಿಸಿದ ಚೂರು ಮೇಜಿನ ಬಟ್ಟೆಯ ಮೇಲೆ ಬೀಳದಿರಲಿ ಎಂದು ಆ ಡಬ್ಬಿ, ಮುನ್ನೂರು ವರ್ಷದ ಹಿಂದೆ ತಮ್ಮ ಕಡೆ ಮನೆಮನೆಯಲ್ಲೂ ಇರುತ್ತಿತ್ತು ಎಂದು ಹೇಳಿದರು.

ಅಲ್ಲಿಂದ ಶುರುವಾಯಿತು ಹುಚ್ಚು. ಅರಮನೆಯ ವೈಭವದ ವಸ್ತುಗಳ ಮೇಲೆ ಅವನಿಗೆ ಆಸೆ ಇರಲಿಲ್ಲ. ಮೂರು ನಾಲ್ಕು ಶತಮಾನದ ಹಿಂದೆ ಯುರೋಪಿನ ಸಾಧಾರಣ ಮನೆಗಳ ಅಡಿಗೆಕೋಣೆಯಲ್ಲಿ, ಊಟದ ಮೇಜಿನ ಮೇಲೆ ಇದ್ದಂಥ, ಯಾರೋ ಕೈಯಿಂದ ಮಾಡಿದ ಸಾಮಾನುಗಳು ಅವನಿಗೆ ಬೇಕಾಗಿದ್ದವು. ಊಟಿಯ ಬಂಗಲೆಗಳು ಖಾಲಿಯಾದಾಗ, ಕೊಡಗಿನ ಎಸ್ಟೇಟುಗಳು ಕೈ ಬದಲಾದಾಗ ಬಸ್ಸು ಹತ್ತಿ ಹೋಗುತ್ತಿದ್ದ. ಹೀಗೆ ಸೇರಿಕೊಂಡಿತು ಒಂದೊಂದೂ: ಚಾಕುವಿನ ಗೀರುಗಳಿದ್ದ, ತವರ ಬೆರೆತ ಪ್ಯೂಟರ್ ಲೋಹದ ತಟ್ಟೆ, ಇಸವಿ ಅಚ್ಚೊತ್ತಿದ್ದ ಕಂಚಿನ ಕುಟ್ಟಾಣಿ, ಗೋಡೆಗೆ ಕೂರಿಸುವ, ಮೂಲೆ ಒಡೆದ ನೀಲಿ ಬಣ್ಣದ ಡಚ್ ಬಿಲ್ಲೆ, ಮರದಲ್ಲಿ ಮುದುಕನ ಮುಖ ಕೆತ್ತಿದ್ದ ಅಕ್ರೋಟು ಒಡೆಯುವ ಇಕ್ಕಳ. ಬಾಗಿಲು ಮುಚ್ಚಿದ ಮೆಡಿಕಲ್ ಸ್ಟೋರೊಂದರಿಂದ ಗಾಜಿನ ಶೋಕೇಸು ತಂದು, ಬೇರೆಯವರ ಮನೆಯಲ್ಲಿ ಟಿವಿ ಇರುವ ಜಾಗದಲ್ಲಿ ನಿಲ್ಲಿಸಿ, ಅದರಲ್ಲಿ ಜೋಡಿಸಿದ.

ಆ ಶೋಕೇಸಿನ ಎದುರಿಗೇ ಕೆವಿನ್ ಬೆಳೆದದ್ದು. ಅವನು ಸವರಿಮುತ್ತುವಿನ ಹೆಂಡತಿ ಪುಷ್ಪಮೇರಿಯ ತಮ್ಮ. ತಂದೆ ತೀರಿಕೊಂಡಾಗ ಒಂಬತ್ತು ವರ್ಷದವನು. ಅಕ್ಕನ ಮನೆಗೆ ಬಂದು ಸೇರಿದ. ಸಂಜೆ ಕೆಲಸದಿಂದ ಬಂದ ಭಾವ ಒಂದೊಂದೇ ಸಾಮಾನು ಹೊರಗೆ ತೆಗೆದು, ಇದು ಎರಕ ಹೊಯ್ದದ್ದು, ಇದು ಸುತ್ತಿಗೆಯಲ್ಲಿ ಬಡಿದದ್ದು, ಇಲ್ಲಿ ನೋಡು ಬೆಸುಗೆ ಎಂದು ಹೇಳಿಕೊಡುತ್ತಿದ್ದ. ಹುಡುಗ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದ. ಆಗ ಸವರಿಮುತ್ತುವಿಗೆ ಅವನ ಮೇಲೆ ಇದ್ದದ್ದು ಬರೀ ಅಕ್ಕರೆ.

ಕೆವಿನ್ ಬೆಳೆದು ಹೋಟೆಲು ರೆಸಾರ್ಟುಗಳಿಗೆ ಒಳಾಂಗಣ ಮಾಡಿಕೊಡುವ ವ್ಯವಹಾರಕ್ಕಿಳಿದ, ಮೇಲೆ ಬಂದ, ಜೆನ್ನಿಯನ್ನು ಮದುವೆಯಾದ, ಲಕ್ಷ್ಮೀಪುರಂನಲ್ಲಿ ಎತ್ತರದ ಹೆಂಚಿನ ಮಾಡಿನ ಹಳೆಯ ಮನೆ ಕೊಂಡ. ಒಂದು ದಿನ ಮೊಬೈಲಿನಲ್ಲಿ ಯಾವುದೋ ವಿದೇಶದ ಹರಾಜಿನ ಪಟ್ಟಿ ತೋರಿಸಿ, ಈ ಮೇಣದಬತ್ತಿಯ ಕಂಬ ನಿಜವಾಗಿ ಹಳೆಯದೇ ಎಂದು ಭಾವನನ್ನು ಕೇಳಿದ. ಸವರಿಮುತ್ತು ಫೋಟೋ ಹಿಗ್ಗಿಸಿ ಹಿಗ್ಗಿಸಿ ನೋಡಿ, ನಿಜವಾದ್ದೇ, ಬುಡದ ತಿರುಪು ನೋಡಿದರೆ ಗೊತ್ತಾಗುತ್ತದೆ ಎಂದ. ಮೂರು ವಾರಕ್ಕೆ ಅದು ಮರದ ಪೆಟ್ಟಿಗೆಯಲ್ಲಿ ಲಕ್ಷ್ಮೀಪುರಂಗೆ ಬಂದು ಇಳಿಯಿತು. ಅಂಥದ್ದೊಂದನ್ನು ನೋಡಬೇಕೆಂದು ಸವರಿಮುತ್ತು ಹದಿನೆಂಟು ವರ್ಷದಿಂದ ಕಾದಿದ್ದ. ಕೈಗೆ ಸಿಕ್ಕಿದ್ದು ಭಾಮೈದನಿಗೆ, ಒಂದು ಬೆರಳು ಒತ್ತಿದ್ದಕ್ಕೆ.

ಮೊದಲ ಏಳು ಸಾಮಾನಿಗೆ ಕೆವಿನ್ ಅವನ ಸಲಹೆ ಕೇಳಿದ. ಆಮೇಲೆ ಕೇಳುವುದನ್ನು ಬಿಟ್ಟ. ಕೇಳದೆ ತಂದದ್ದೂ ಒಳ್ಳೆಯದೇ ಇರುತ್ತಿತ್ತು. ಒಂದಾದರೂ ನಕಲಿ ಮಾಲು ತಂದು ಮೋಸ ಹೋಗಲಿ ಎಂದು ಸವರಿಮುತ್ತು ಕಾದ. ಕೆವಿನ್ ಮೋಸ ಹೋಗಲಿಲ್ಲ. ತಾನೇ ಕಲಿಸಿದ ಕಣ್ಣು ತನಗೇ ಎದುರಾಗಿ ನಿಂತಿತ್ತು.

ಹೋದ ವರ್ಷ ಕ್ರಿಸ್ಮಸ್ಸಿಗೆ ಮುಂಚೆ ಪೇಪರಿನಲ್ಲಿ ಅರ್ಧ ಪುಟದ ಲೇಖನ ಬಂತು. ನೀಲಿ ತಟ್ಟೆಗಳ ಮುಂದೆ ತೋಳು ಕಟ್ಟಿಕೊಂಡು ನಿಂತ ಕೆವಿನ್. ಈ ಅಭಿರುಚಿ ಎಲ್ಲಿಂದ ಬಂತು ಎಂದು ಕೇಳಿದ್ದಕ್ಕೆ, ಚಿಕ್ಕಂದಿನಲ್ಲಿ ಮನೆಯಲ್ಲಿ ಇಂಥ ಕೆಲವು ವಸ್ತುಗಳಿದ್ದವು ಎಂದಷ್ಟೇ ಹೇಳಿದ್ದ. ಯಾರ ಮನೆ, ಯಾರ ವಸ್ತು ಎಂದು ಇರಲಿಲ್ಲ. ಸವರಿಮುತ್ತು ಅದನ್ನು ಟೀ ಅಂಗಡಿಯಲ್ಲಿ ನಿಂತುಕೊಂಡೇ ಎರಡು ಸಲ ಓದಿದ. ಮನೆಗೆ ಬಂದರೆ ಪುಷ್ಪಮೇರಿ ಆಗಲೇ ಅದನ್ನು ಅಂಚು ಕೆಡದಂತೆ ಕತ್ತರಿಸಿ ಬೈಬಲ್ಲಿನೊಳಗೆ ಇಟ್ಟುಕೊಂಡಿದ್ದಳು. ಆಕೆ ಕಾನ್ವೆಂಟ್ ಶಾಲೆಯಲ್ಲಿ ಹೊಲಿಗೆ ಟೀಚರು, ಕತ್ತರಿ ಹಿಡಿದರೆ ಗೆರೆ ತಪ್ಪುವವಳಲ್ಲ. ಇಷ್ಟು ವರ್ಷದಲ್ಲಿ ತನ್ನ ಒಂದು ಸಾಮಾನನ್ನಾದರೂ ಅವಳು ಧೂಳೊರೆಸಲಲ್ಲದೆ ಬೇರೆ ಕಾರಣಕ್ಕೆ ಮುಟ್ಟಿದ್ದಳೇ ಎಂದು ಅವನು ನೆನಪು ಮಾಡಿಕೊಳ್ಳಲು ನೋಡಿದ.

ಜನವರಿಯಲ್ಲಿ ಆ ಕಬ್ಬಿಣದ ಪೆಟ್ಟಿಗೆ ಬಂತು.

ಆರು ಜನ ಸೇರಿ ಹೊತ್ತು ತಂದು ಹಜಾರದಲ್ಲಿಟ್ಟರು. ಜರ್ಮನಿಯ ನ್ಯೂರೆಂಬರ್ಗ್ ಕಡೆ ಮಾಡಿದ್ದು, ಹತ್ತಿರ ಹತ್ತಿರ ನಾನೂರು ವರ್ಷದ್ದು. ವರ್ತಕರು, ಸಿರಿವಂತರು ಮನೆಯಲ್ಲಿ ಪತ್ರ, ನಾಣ್ಯ ಇಟ್ಟುಕೊಳ್ಳುತ್ತಿದ್ದ ಪೆಟ್ಟಿಗೆ. ಮೈತುಂಬ ಕಬ್ಬಿಣದ ಪಟ್ಟಿಗಳು ಬುಟ್ಟಿ ಹೆಣೆದಂತೆ ಅಡ್ಡಡ್ಡ ಉದ್ದುದ್ದ, ನಡುವಿನ ಚೌಕಗಳಲ್ಲಿ ಬಣ್ಣ ಮಾಸಿದ ಹೂವುಗಳು. ಎದುರಿಗೆ ಎಲೆಬಳ್ಳಿ ಕೊರೆದ ತಗಡು, ಅದರ ನಡುವೆ ಬೀಗದ ತೂತು. ಬೀಗ ಹಾಕಿತ್ತು, ಬೀಗದ ಕೈ ಇರಲಿಲ್ಲ. ಹಾಗೆಂದು ಹೇಳಿಯೇ ಹರಾಜಿನವರು ಕಳಿಸಿದ್ದರು. ಕೆವಿನ್ ಇಬ್ಬರು ಬೀಗ ರಿಪೇರಿಯವರನ್ನು ಕರೆಸಿದ್ದ. ಇಬ್ಬರೂ ಎದುರಿನ ತೂತಿನಲ್ಲಿ ತಂತಿ ಆಡಿಸಿ ಕೈಚೆಲ್ಲಿ ಹೋಗಿದ್ದರು. ಕೊನೆಗೆ ಭಾವನಿಗೆ ಫೋನು ಬಂತು.

ಸವರಿಮುತ್ತು ಹೋದವನು ಮೊದಲು ಪೆಟ್ಟಿಗೆಯ ಸುತ್ತ ಒಂದು ಸುತ್ತು ಬಂದ. ಅದನ್ನು ನೋಡಿದ ಕೂಡಲೇ ಅವನಿಗೆ ಅದು ಬೇಕು ಅನ್ನಿಸಿತು. ಹಸಿದವನಿಗೆ ಪಕ್ಕದವನ ತಟ್ಟೆಯ ಅನ್ನ ಕಂಡಂತೆ, ನಾಚಿಕೆಯಾಗುವಷ್ಟು ಬೇಕೆನ್ನಿಸಿತು. ತೂತಿನೊಳಗೆ ತೆಳ್ಳನೆಯ ಕಡ್ಡಿ ಬಿಟ್ಟು ಆಳ ನೋಡಿದ. ಒಂದಂಗುಲಕ್ಕೆ ತಡೆಯಿತು. ಹಿಂದೆ ಏನೂ ಇರಲಿಲ್ಲ. ಆ ತೂತು ಸುಳ್ಳು, ಕಳ್ಳನ ಕಣ್ಣಿಗೆಂದು ಮಾಡಿದ್ದು. ಮುಚ್ಚಳದ ಮೇಲೆ ಪಟ್ಟಿಗಳನ್ನು ಬಿಗಿದಿದ್ದ ಗುಂಡು ತಲೆಯ ರಿವೆಟ್ಟುಗಳನ್ನು ಹೆಬ್ಬೆರಳಿನಿಂದ ಒಂದೊಂದಾಗಿ ಒತ್ತುತ್ತ ಹೋದ. ನಡುವಿನ ಸಾಲಿನಲ್ಲಿ ಒಂದು ರಿವೆಟ್ಟು, ಎಣ್ಣೆ ಬಿಟ್ಟು ಸ್ವಲ್ಪ ಹೊತ್ತು ಕಾದ ಮೇಲೆ, ಪಕ್ಕಕ್ಕೆ ಸರಿಯಿತು. ಅದರಡಿ ನಿಜವಾದ ತೂತು ಇತ್ತು.

ಆಗ ಕೆವಿನ್ ಪಕ್ಕದ ಕೋಣೆಯಲ್ಲಿ ಫೋನಿನಲ್ಲಿ ಮಾತಾಡುತ್ತಿದ್ದ. ಸವರಿಮುತ್ತು ರಿವೆಟ್ಟನ್ನು ಮೊದಲಿನ ಜಾಗಕ್ಕೆ ತಳ್ಳಿದ. ಆ ಕ್ಷಣ ಅವನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಮುಚ್ಚಳ ತೆಗೆದೇ ತೋರಿಸಿದರಾಯಿತು ಎಂದಷ್ಟೇ ಅಂದುಕೊಂಡ. ನಾಲ್ಕೈದು ಸಲ ಬರಬೇಕಾಗುತ್ತೆ, ನೋಡೋಣ ಎಂದು ಹೇಳಿ ಹೊರಟ.

ಆಮೇಲಿನ ಮೂರು ವಾರ ಅವನು ಮೂವತ್ತು ವರ್ಷ ಚಿಕ್ಕವನಾಗಿದ್ದ. ಕೆವಿನ್ ಕೆಲಸಕ್ಕೆ ಹೋದ ಹೊತ್ತಿಗೆ ಟಿಫಿನ್ ಚೀಲ ಹಿಡಿದು ಬರುತ್ತಿದ್ದ. ಜೆನ್ನಿ ಕಾಫಿ ಕೊಟ್ಟು ತನ್ನ ಪಾಡಿಗೆ ಒಳಗೆ ಹೋಗುತ್ತಿದ್ದಳು. ಮೇಣದಬತ್ತಿಯ ಹೊಗೆಗೆ ಹಿಡಿದು ಕಪ್ಪು ಮಾಡಿದ ಕಬ್ಬಿಣದ ತುಂಡನ್ನು ತೂತಿನೊಳಗೆ ಬಿಟ್ಟು ಮೆಲ್ಲಗೆ ತಿರುಗಿಸಿದರೆ, ಒಳಗಿನ ತಡೆಗಳು ತಾಗಿದ ಕಡೆ ಮಸಿ ಅಳಿಸುತ್ತಿತ್ತು. ಆ ಗುರುತು ನೋಡಿಕೊಂಡು ಹಳೆಯ ಸ್ನೇಹಿತ ಮಹದೇವಪ್ಪನ ವರ್ಕ್‌ಶಾಪಿನಲ್ಲಿ ಕೂತು ಅರದಿಂದ ತೀಡುತ್ತಿದ್ದ. ಮತ್ತೆ ಮಸಿ, ಮತ್ತೆ ತೂತು, ಮತ್ತೆ ಅರ. ಬೀಗದ ಕೈ ಗೇಣುದ್ದ ಆಯಿತು. ತುದಿಯಲ್ಲಿ ಕಡ್ಡಿ ತೂರಿಸಿ ತಿರುಗಿಸಲು ಒಂದು ಬಳೆಯನ್ನೂ ಇಟ್ಟ.

ಫೆಬ್ರವರಿಯಲ್ಲಿ, ಉಪವಾಸ ಕಾಲ ಶುರುವಾಗುವ ಬೂದಿ ಬುಧವಾರಕ್ಕೆ ನಾಲ್ಕು ದಿನ ಇರುವಾಗ, ಬೆಳಿಗ್ಗೆ ಹನ್ನೊಂದು ಗಂಟೆಗೆ, ಅದು ತಿರುಗಿತು. ಮೊದಲು ಗಟ್ಟಿಯಾಗಿತ್ತು. ಬೀಗದ ಕೈಯನ್ನು ಒಂದು ಕೂದಲೆಳೆಯಷ್ಟು ಮೇಲಕ್ಕೆತ್ತಿ ತಿರುಗಿಸಿದಾಗ ಹನ್ನೆರಡು ಅಗುಳಿಗಳೂ ಒಟ್ಟಿಗೆ ಹಿಂದಕ್ಕೆ ಸರಿದ ಸದ್ದು ಕೇಳಿತು. ಸವರಿಮುತ್ತು ಎರಡೂ ಕೈ ಹಾಕಿ ಮುಚ್ಚಳ ಎತ್ತಿದ.

ಪೆಟ್ಟಿಗೆ ಖಾಲಿ. ಆದರೆ ಮುಚ್ಚಳದ ಒಳಮೈ ತುಂಬ ಬೀಗವೇ ಹರಡಿಕೊಂಡಿತ್ತು. ಅಂಚಿನ ಸುತ್ತ ಹನ್ನೆರಡು ಅಗುಳಿ, ಒಂದೊಂದಕ್ಕೂ ಬಾಗಿದ ಸ್ಪ್ರಿಂಗು, ಎಲ್ಲವನ್ನೂ ಹಿಡಿದು ನಡೆಸುವ ಸನ್ನೆಕೋಲುಗಳು. ಅವನ್ನೆಲ್ಲ ಮುಚ್ಚಿಕೊಂಡು ಕಸೂತಿಯಂತೆ ಕೊರೆದ ಉಕ್ಕಿನ ತಗಡು. ಅದರಲ್ಲಿ ಇಬ್ಬರು ಮತ್ಸ್ಯಕನ್ಯೆಯರು ಬಾಲ ಸುತ್ತಿಕೊಂಡು ಎದುರುಬದುರು ಕೂತಿದ್ದರು. ಹೊರಗಿನ ಗಾಳಿ ತಾಗದೆ ಉಕ್ಕು ಇನ್ನೂ ಬೆಳ್ಳಗಿತ್ತು. ಹತ್ತಿರ ಬಗ್ಗಿದಾಗ ಅಗುಳಿಗಳ ಮೈಮೇಲೆ ಸಣ್ಣ ಗೆರೆಗಳು ಕಂಡವು. ಅರದ ಗುರುತು. ಒಬ್ಬ ಫಿಟ್ಟರು, ತನ್ನ ಹಾಗೆಯೇ, ಒಂದೇ ಓರೆಯಲ್ಲಿ ತೀಡಿದ್ದ. ಸವರಿಮುತ್ತು ಆ ಗೆರೆಗಳ ಮೇಲೆ ಬೆರಳಾಡಿಸಿದ.

ಗೇಟಿನ ಹತ್ತಿರ ಕಾರು ನಿಂತ ಸದ್ದಾಯಿತು. ಕೆವಿನ್ ಯಾವುದೋ ಕಾಗದ ಮರೆತು ವಾಪಸ್ಸು ಬಂದಿದ್ದ. ಈಗ ಒಳಗೆ ಬರುತ್ತಾನೆ, ನೋಡುತ್ತಾನೆ, ಫೋಟೋ ತೆಗೆಯುತ್ತಾನೆ. ನಾಳೆ ಪೇಪರಿನವರು ಬರುತ್ತಾರೆ. ನಾಳಿದ್ದು ಆ ಪೇಪರಿನ ತುಂಡೂ ಪುಷ್ಪಮೇರಿಯ ಬೈಬಲ್ಲಿನೊಳಗೆ ಹೋಗುತ್ತದೆ. ಸವರಿಮುತ್ತು ಹೆಚ್ಚು ಯೋಚಿಸಲಿಲ್ಲ. ಮುಚ್ಚಳ ಇಳಿಸಿದ, ಬೀಗ ತಿರುಗಿಸಿದ, ರಿವೆಟ್ಟು ಸರಿಸಿದ, ಬೀಗದ ಕೈಯನ್ನು ಟಿಫಿನ್ ಚೀಲಕ್ಕೆ ಹಾಕಿದ.

"ಆಗಲ್ಲ ಕಣೋ ಕೆವಿನ್," ಎಂದ. "ಒಳಗೆಲ್ಲ ತುಕ್ಕು ಹಿಡಿದು ಕಚ್ಕೊಂಡ್ಬುಟ್ಟದೆ."

ಕೆವಿನ್ ಒಂದು ಗಳಿಗೆ ಪೆಟ್ಟಿಗೆಯನ್ನೇ ನೋಡಿ, ಭಾವನ ಭುಜದ ಮೇಲೆ ಕೈಯಿಟ್ಟ. "ನಿಮ್ಮ ಕೈಲೇ ಆಗಲ್ಲ ಅಂದ್ರೆ ಇನ್ಯಾರ ಕೈಲೂ ಆಗಲ್ಲ. ಬಿಡಿ ಭಾವ."

ಅಲ್ಲಿಂದ ಮುಂದೆ ಸವರಿಮುತ್ತುವಿಗೆ ಒಂದು ವಿಚಿತ್ರ ಸುಖ ಶುರುವಾಯಿತು. ಭಾನುವಾರಗಳಲ್ಲಿ ಎಲ್ಲರೂ ಲಕ್ಷ್ಮೀಪುರಂನಲ್ಲಿ ಊಟಕ್ಕೆ ಸೇರುತ್ತಿದ್ದರು. ಬಂದ ನೆಂಟರು ಪೆಟ್ಟಿಗೆಯ ಒಳಗೇನಿದೆ ಎಂದು ಕೇಳುತ್ತಿದ್ದರು. ಯಾರಿಗೆ ಗೊತ್ತು ಎಂದು ಕೆವಿನ್ ಕೈ ಅಲ್ಲಾಡಿಸುತ್ತಿದ್ದ. ಸವರಿಮುತ್ತು ತಲೆ ಎತ್ತದೆ ಮೀನಿನ ಸಾರು ಕಲಸಿಕೊಂಡು ತಿನ್ನುತ್ತಿದ್ದ. ಪೆಟ್ಟಿಗೆ ಭಾಮೈದನದು. ಅದರೊಳಗಿನದನ್ನು ಕಂಡವನು ಮಾತ್ರ ತಾನೊಬ್ಬನೇ. ಕೆವಿನ್, ಜೆನ್ನಿ ಇಬ್ಬರೂ ಇಲ್ಲದ ವೇಳೆ ತಿಳಿದುಕೊಂಡು, ಕಿಟಕಿಯ ತಿರುಪು ಸರಿ ಮಾಡುತ್ತೇನೆ, ನಲ್ಲಿ ನೋಡುತ್ತೇನೆ ಎಂದು ಕೆಲಸದವಳಿಂದ ಬಾಗಿಲು ತೆಗೆಸಿ, ಎರಡು ಸಲ ಅದನ್ನು ತೆರೆದು ಎದುರಿಗೆ ಕೂತು ಬಂದ.

ಆದರೆ ಸುಖದ ಜೊತೆಗೆ ಇನ್ನೊಂದೂ ಇತ್ತು. ಈಸ್ಟರಿಗೆ ಮುಂಚಿನ ಉಪವಾಸದ ತಪಸ್ಸು ಕಾಲದಲ್ಲಿ ಅವನು ಫಾದರ್ ಹತ್ತಿರ ಪಾಪನಿವೇದನೆಗೆ ಹೋಗಲಿಲ್ಲ. ಈಸ್ಟರ್ ದಿನ ಪೂಜೆಯಲ್ಲಿ ಎಲ್ಲರೂ ಪ್ರಸಾದಕ್ಕೆ ಸಾಲು ನಿಂತಾಗ, ಪಾಪ ಹೇಳಿಕೊಳ್ಳದವನು ಅದನ್ನು ತೆಗೆದುಕೊಳ್ಳಬಾರದೆಂದು ಅವನು ಬೆಂಚಿನಲ್ಲೇ ಕೂತಿದ್ದ. ಪುಷ್ಪಮೇರಿ ಸಾಲಿನಿಂದ ಹಿಂದಿರುಗಿ ನೋಡಿದಳು. ಮನೆಗೆ ಬಂದ ಮೇಲೆ ಮೈ ಸರಿಯಿಲ್ಲವೇ ಎಂದು ಕೇಳಿದಳು. ಮಂಡಿ ನೋವು ಎಂದ. ಮುಂದಿನ ಭಾನುವಾರವೂ ಅವನು ಬೆಂಚಿನಿಂದ ಏಳಲಿಲ್ಲ.

ಆಗಸ್ಟ್ ಎರಡನೆಯ ವಾರದ ಶನಿವಾರ. ಪುಷ್ಪಮೇರಿ ಜಗಲಿಯಲ್ಲಿ ಕೂತು ದಂಟಿನ ಸೊಪ್ಪು ಬಿಡಿಸುತ್ತಿದ್ದಳು. ಹದಿನೈದಕ್ಕೆ ಬರುವ ಮೇರಿಮಾತೆಯ ಹಬ್ಬ ಕಳೆದ ಮೇಲಿನ ಭಾನುವಾರ ಕೆವಿನ್ ತನ್ನ ಸಂಗ್ರಹವನ್ನು ಜನಕ್ಕೆ ತೋರಿಸಲು ಮನೆ ತೆರೆದಿಡುತ್ತಾನಂತೆ, ಊರಿನ ದೊಡ್ಡವರೆಲ್ಲ ಬರುತ್ತಾರಂತೆ ಎಂದು ಹೇಳುತ್ತ, ಮಾತಿನ ಮಧ್ಯೆ ಇನ್ನೊಂದು ಸೇರಿಸಿದಳು. ಮುಚ್ಚಿದ ಪೆಟ್ಟಿಗೆ ತೋರಿಸಿ ಏನು ಪ್ರಯೋಜನ ಎಂದು ಅದನ್ನು ಈಹೊತ್ತು ಕಟ್ ಮಾಡಿಸುತ್ತಿದ್ದಾನೆ. ವೆಲ್ಡಿಂಗ್ ಲೋಕೇಶ ಗ್ರೈಂಡರ್ ತೆಗೆದುಕೊಂಡು ಬೆಳಿಗ್ಗೆಯೇ ಹೋಗಿದ್ದಾನೆ.

ಸವರಿಮುತ್ತು ಎದ್ದ. ಮುಚ್ಚಳದ ಅಂಚು ಕತ್ತರಿಸಿದರೆ ಮೊದಲು ಹೋಗುವುದು ಅಗುಳಿಗಳು. ಆಮೇಲೆ ಸ್ಪ್ರಿಂಗುಗಳು. ಆ ಬೆಳ್ಳನೆಯ ಉಕ್ಕಿನ ಮೇಲೆ ಕಿಡಿ ಹಾರಿ ಕಪ್ಪಾಗುವುದು ಅವನ ಕಣ್ಣಿಗೇ ಕಟ್ಟಿತು. ಬೀರುವಿನಲ್ಲಿ ಹಳೆಯ ಷರಟುಗಳ ಕೆಳಗಿಂದ ಬೀಗದ ಕೈ ತೆಗೆದುಕೊಂಡು ಸ್ಕೂಟರ್ ಹತ್ತಿದ. ಎಲ್ಲಿಗೆ ಎಂದು ಪುಷ್ಪಮೇರಿ ಕೇಳಿದ್ದು ಅವನಿಗೆ ಕೇಳಿಸಿತು. ಗಾಡಿ ಶುರು ಮಾಡಿ ಹೊರಟ.

ಆದರೂ ದಾರಿಯಲ್ಲಿ, ರೈಲ್ವೆ ಸ್ಟೇಷನ್ನಿನ ಹತ್ತಿರ ಸಿಗ್ನಲ್ಲಿಗೆ ನಿಂತಾಗ, ಅವನ ಮನಸ್ಸು ಇನ್ನೊಂದು ಮಾತು ಆಡಿತು. ಹೋಗದಿದ್ದರೆ? ಕತ್ತರಿಸಲಿ ಬಿಡು. ಕೆವಿನ್ ತನ್ನ ಕೈಯಾರೆ ಅದನ್ನು ಹಾಳು ಮಾಡಿಕೊಳ್ಳಲಿ. ಆಗ ಅದನ್ನು ಪೂರ್ತಿಯಾಗಿ ಕಂಡವನು ಜಗತ್ತಿನಲ್ಲಿ ತಾನೊಬ್ಬನೇ ಉಳಿಯುತ್ತೇನೆ. ಹಸಿರು ದೀಪ ಬಿತ್ತು. ಹಿಂದಿನವರು ಹಾರ್ನ್ ಹೊಡೆದರು. ಅಷ್ಟು ದೂರ ತನ್ನೊಳಗೇ ಹೋಗಿ ಬಂದವನು ಗಾಡಿಯನ್ನು ಲಕ್ಷ್ಮೀಪುರಂ ಕಡೆಗೇ ತಿರುಗಿಸಿದ.

ಗೇಟಿನಲ್ಲೇ ಗ್ರೈಂಡರಿನ ಸದ್ದು ಕೇಳಿತು. ಹಜಾರದಲ್ಲಿ ಕಿಡಿ ಹಾರುತ್ತಿತ್ತು. ಸವರಿಮುತ್ತು ನೇರ ಹೋಗಿ ಗೋಡೆಯ ಪ್ಲಗ್ಗು ಕಿತ್ತ. ಲೋಕೇಶ ಕನ್ನಡಕ ಮೇಲೆತ್ತಿ ನೋಡಿದ. ಮುಚ್ಚಳದ ಬಲಗಡೆಯ ಅಂಚಿನಲ್ಲಿ ನಾಲ್ಕು ಬೆರಳಗಲ ಸೀಳು ಬಿದ್ದಿತ್ತು. ಒಂದು ಹೂವು ಅರ್ಧ ಸುಟ್ಟಿತ್ತು. ಸೋಫಾದ ಹತ್ತಿರ ಕೆವಿನ್, ಅವನ ಪಕ್ಕ ಜೆನ್ನಿ.

ಸವರಿಮುತ್ತು ಮುಚ್ಚಳದ ಮೇಲಿನ ರಿವೆಟ್ಟು ಸರಿಸಿದ. ಬೀಗದ ಕೈ ಇಳಿಸಿದ, ಎಳೆಯಷ್ಟು ಎತ್ತಿದ, ತಿರುಗಿಸಿದ. ಹನ್ನೊಂದು ಅಗುಳಿ ಸರಿದವು. ಸೀಳಿನ ಹತ್ತಿರದ್ದು ತಡವಾಗಿ, ಕಿರುಗುಟ್ಟಿಕೊಂಡು ಸರಿಯಿತು. ಅವನು ಮುಚ್ಚಳ ಎತ್ತಿ ಗೋಡೆಗೆ ಒರಗಿಸಿ, ಪಕ್ಕಕ್ಕೆ ನಿಂತ.

ಲೋಕೇಶ ಮೊದಲು ಬಾಯಿಬಿಟ್ಟ. ಹಾಗಾದರೆ ಎದುರಿನ ತೂತು ಬರೀ ಸುಳ್ಳಾ ಸಾರ್ ಎಂದು ಕೇಳಿದ. ಜೆನ್ನಿ ಅವನನ್ನು ಕಾಫಿಗೆಂದು ಒಳಗೆ ಕರೆದುಕೊಂಡು ಹೋದಳು.

ಕೆವಿನ್ ಮತ್ಸ್ಯಕನ್ಯೆಯರನ್ನು ಬಹಳ ಹೊತ್ತು ನೋಡಿದ. ಆಮೇಲೆ ಅವನ ಕಣ್ಣು ಬೀಗದ ಕೈಯ ಮೇಲೆ ನಿಂತಿತು. ಅದು ಒಂದು ದಿನದ ಅವಸರದಲ್ಲಿ ಮಾಡಿದ್ದಲ್ಲ ಎಂದು ತಿಳಿಯುವಷ್ಟು ಅವನಿಗೆ ಭಾವನೇ ಕಲಿಸಿದ್ದ.

"ಇದನ್ನ ಯಾವಾಗ ಮಾಡಿದ್ರಿ ಭಾವ?"

ನಿನ್ನೆ ಎಂದು ಹೇಳಬಹುದಾಗಿತ್ತು. "ಬೂದಿ ಬುಧವಾರಕ್ಕೆ ಮುಂಚೆ," ಎಂದ ಸವರಿಮುತ್ತು.

ಕೆವಿನ್ ತಿಂಗಳು ಎಣಿಸಿದ್ದು ಅವನ ಮುಖದಲ್ಲೇ ಕಂಡಿತು. ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. "ಅಷ್ಟು ಇಷ್ಟ ಆಗಿದ್ರೆ ನನ್ನ ಕೇಳ್ಬೋದಿತ್ತಲ್ಲ. ಕೊಟ್ಬುಡ್ತಿದ್ದೆ."

"ಗೊತ್ತು," ಎಂದ ಸವರಿಮುತ್ತು. "ಅದಕ್ಕೇ ಕೇಳ್ಲಿಲ್ಲ."

ಬೀಗದ ಕೈಯನ್ನು ಪೆಟ್ಟಿಗೆಯ ಪಕ್ಕದ ಮೇಜಿನ ಮೇಲಿಟ್ಟು ಹೊರಟುಬಂದ. ಅವನು ಮನೆ ಸೇರುವಷ್ಟರಲ್ಲಿ ಲಕ್ಷ್ಮೀಪುರಂನಿಂದ ಫೋನು ಬಂದು ಹೋಗಿತ್ತು. ಬಿಡಿಸಿದ ಸೊಪ್ಪು ಮೊರದಲ್ಲಿ ಹಾಗೆಯೇ ಬಾಡುತ್ತಿತ್ತು. ಪುಷ್ಪಮೇರಿ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

"ಅವನು ನಾವು ಸಾಕಿದ ಹುಡುಗ ಕಣ್ರೀ. ಅವನು ಚೆನ್ನಾಗಿದ್ರೆ ನಿಮಗ್ಯಾಕೆ ಹೊಟ್ಟೆ ಉರೀಬೇಕು?"

ಅವನ ಹತ್ತಿರ ಒಂದು ಉತ್ತರ ಇತ್ತು. ನೀನು ಆ ಪೇಪರು ಕತ್ತರಿಸಿದ್ದು ನೋಡಿದೆ ಎಂದು ಹೇಳಬೇಕೆನ್ನಿಸಿತು. ಹೇಳಿದರೆ ಎಷ್ಟು ಸಣ್ಣದಾಗಿ ಕೇಳಿಸುತ್ತದೆ ಎಂದು ತಾನೇ ನಾಚಿದ. "ಗೊತ್ತಿಲ್ಲ ಮೇರಿ. ಉರೀತು," ಎಂದ. ಅವಳು ಒಳಗೆ ಹೋದಳು. ಒಂದು ವಾರ ಅವಳು ಊಟಕ್ಕೆ ಬನ್ನಿ ಎಂಬುದರ ಹೊರತು ಬೇರೆ ಮಾತಾಡಲಿಲ್ಲ.

ಶುಕ್ರವಾರ ಅವನು ಚರ್ಚಿಗೆ ಹೋಗಿ ಪಾಪನಿವೇದನೆಯ ಗೂಡಿನಲ್ಲಿ ಮಂಡಿಯೂರಿದ. ಜಾಲರಿಯ ಆಚೆಗಿದ್ದ ಫಾದರ್ ಚಿಕ್ಕ ವಯಸ್ಸಿನವರು. ಆ ಪೆಟ್ಟಿಗೆಯಿಂದ ಏನಾದರೂ ಕದ್ದಿರಾ ಎಂದು ಕೇಳಿದರು. ಇಲ್ಲ ಎಂದ. ಹಾಗಾದರೆ ಏನು ತೆಗೆದುಕೊಂಡಿರಿ ಎಂದರು. ಅವರಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ನೋಡುವುದನ್ನು, ಎಂದ ಸವರಿಮುತ್ತು. ಅವನು ನೋಡಬೇಕಾದ್ದನ್ನು ಆರು ತಿಂಗಳು ನಾನೊಬ್ಬನೇ ನೋಡಿದೆ. ಫಾದರ್, ಭಾನುವಾರದ ಸಮಾರಂಭಕ್ಕೆ ತಪ್ಪದೆ ಹೋಗಿ ಎಂದರು. ಅದೇ ಅವರು ಕೊಟ್ಟ ಪ್ರಾಯಶ್ಚಿತ್ತ.

ಹೋದ. ಹಜಾರದಲ್ಲಿ ಅರವತ್ತು ಜನರಾದರೂ ಇದ್ದರು. ಎಲ್ಲರ ಹಿಂದೆ, ಕಂಬದ ಪಕ್ಕ ನಿಂತುಕೊಂಡ. ಪುಷ್ಪಮೇರಿ ಹೊಸ ಸೀರೆ ಉಟ್ಟು ಮುಂದೆ ಜೆನ್ನಿಯ ಜೊತೆ ಕೂತಿದ್ದಳು. ಕೆವಿನ್ ನೀಲಿ ತಟ್ಟೆಗಳನ್ನು ತೋರಿಸಿದ, ಗಾಜಿನ ಲೋಟಗಳನ್ನು ತೋರಿಸಿದ, ಕೊನೆಗೆ ಪೆಟ್ಟಿಗೆಯ ಹತ್ತಿರ ಬಂದ. ಎದುರಿನ ಸುಳ್ಳು ತೂತು, ಸರಿಯುವ ರಿವೆಟ್ಟು, ಎಲ್ಲ ವಿವರಿಸಿ ಬೀಗದ ಕೈ ತಿರುಗಿಸಿದ. ಅದು ತಿರುಗಲಿಲ್ಲ. ಕೆವಿನ್ ಮತ್ತೊಮ್ಮೆ ತಿರುಗಿಸಿದ. ಒಂದೆಳೆ ಎತ್ತಬೇಕು ಎಂಬುದು ಅವನಿಗೆ ಗೊತ್ತಿರಲಿಲ್ಲ. ಸವರಿಮುತ್ತುವಿಗೆ ಖುಷಿಯಾಯಿತು. ಪಾಪನಿವೇದನೆ ಮಾಡಿ ಎರಡು ದಿನವಾಗಿರಲಿಲ್ಲ, ಆದರೂ ಖುಷಿಯಾಯಿತು. ಮೂರನೆಯ ಸಲಕ್ಕೆ ಕೆವಿನ್‌ನ ಕೈ ತಾನಾಗಿಯೇ ದಾರಿ ಕಂಡುಕೊಂಡಿತು. ಮುಚ್ಚಳ ಎದ್ದಾಗ ಜನ ಉಸಿರು ಹಿಡಿದರು.

ಕನ್ನಡಕದ ಹೆಂಗಸೊಬ್ಬರು, ಬೀಗದ ಕೈಯೂ ಆ ಕಾಲದ್ದೇ ಎಂದು ಕೇಳಿದರು.

"ಅಲ್ಲ. ಅದನ್ನ ಮಾಡಿದ್ದು ನಮ್ಮ ಭಾವ," ಎಂದ ಕೆವಿನ್. "ಅಲ್ಲಿ ಹಿಂದೆ ನಿಂತವ್ರೆ ನೋಡಿ, ಅವ್ರು. ಆರು ತಿಂಗಳು ಕೂತು ಮಾಡಿದ್ರು. ನನಗೆ ಇದನ್ನೆಲ್ಲ ನೋಡೋದು ಕಲಿಸಿದ್ದೂ ಅವ್ರೇ."

ಎಲ್ಲರೂ ತಿರುಗಿ ನೋಡಿದರು. ಯಾರೋ ಚಪ್ಪಾಳೆ ಶುರು ಮಾಡಿದರು. ಸವರಿಮುತ್ತು ಕೈಮುಗಿದ, ಕಂಬಕ್ಕೆ ಇನ್ನೂ ಹತ್ತಿರ ಸರಿದ. ಪೇಪರಿನಲ್ಲಿ ಬರಲಿ ಎಂದು ಹಂಬಲಿಸಿದ್ದ ಮಾತು ಅದೇ ಆಗಿತ್ತು. ಈಗ ಅದು ಕೆಂಡದಂತೆ ಬಂದು ಬಿತ್ತು. ಆರು ತಿಂಗಳ ಸುಳ್ಳನ್ನು ಕೆವಿನ್ ಆರು ತಿಂಗಳ ಕೆಲಸವನ್ನಾಗಿ ಮಾಡಿ ಹೇಳಿದ್ದ, ಅದೂ ಅರವತ್ತು ಜನರ ಮುಂದೆ, ಸರಾಗವಾಗಿ. ಕೊಡುವುದರಲ್ಲೂ ಅವನೇ ಮುಂದೆ. ಅವನ ಸಾಮಾನಿಗಿಂತ, ಮನೆಗಿಂತ, ಅವನ ಆ ಸರಾಗವೇ ಸವರಿಮುತ್ತುವನ್ನು ಹೆಚ್ಚು ಸುಟ್ಟಿತು. ಪುಷ್ಪಮೇರಿ ಮಾತ್ರ ಚಪ್ಪಾಳೆ ತಟ್ಟದೆ ಗಂಡನನ್ನೇ ನೋಡುತ್ತಿದ್ದಳು. ಸಂಜೆ ಆಟೋದಲ್ಲಿ ಮನೆಗೆ ಬರುವಾಗ, ಆ ಬೀಗ ಕೈಗೆ ಹೇಗೆ ತಿರುಗುತ್ತದೆ ಎಂದು ಕೇಳಿದಳು. ಊಟದ ಕರೆ ಬಿಟ್ಟರೆ, ಎಂಟು ದಿನದ ಮೇಲೆ ಅವಳು ಆಡಿದ ಮೊದಲ ಮಾತು ಅದು. ಅವನು ಗಾಳಿಯಲ್ಲೇ ಕೈ ತಿರುಗಿಸಿ ತೋರಿಸಿದ.

ಮುಂದಿನ ಶನಿವಾರ ಸವರಿಮುತ್ತು ಯಾರೂ ಕರೆಯದೆ ಅರಗಳ ಚೀಲ ಹಿಡಿದು ಲಕ್ಷ್ಮೀಪುರಂಗೆ ಹೋದ. ಸೀಳಿಗೆ ವೆಲ್ಡಿಂಗ್ ಹಾಕಿಸಬೇಡ, ಉಳಿದ ಬಣ್ಣವೂ ಸುಟ್ಟುಹೋಗುತ್ತದೆ, ಹಳೆಯ ಕಬ್ಬಿಣದ ಪಟ್ಟಿಯನ್ನು ತೀಡಿ ಬಿಗಿಯಾಗಿ ಕೂರಿಸಬೇಕು ಎಂದ. ಕೆವಿನ್ ಸರಿ ಎಂದು, ಒಂದು ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತ. ಸ್ವಲ್ಪ ಹೊತ್ತಿನ ಮೇಲೆ, ನಾನೂ ತೀಡಲೇ ಎಂದು ಕೇಳಿದ.

ಕೆವಿನ್‌ನ ಕೈ ಅರಕ್ಕೆ ಒಗ್ಗಲಿಲ್ಲ. ಹಿಂದಕ್ಕೆಳೆಯುವಾಗಲೂ ಒತ್ತುತ್ತಿದ್ದ, ಪಟ್ಟಿಯ ನಡು ಉಬ್ಬಿ ಅಂಚು ತಗ್ಗಾಗುತ್ತಿತ್ತು. ಸವರಿಮುತ್ತು ಅದನ್ನು ನೋಡಿಯೂ ಕಾಲು ಗಂಟೆ ತೆಪ್ಪಗಿದ್ದ. ಆಮೇಲೆ, "ಅಂಗಲ್ಲ ಕಣೋ. ಮುಂದಕ್ಕೆ ತಳ್ಳೋವಾಗ ಮಾತ್ರ ಒತ್ತು," ಎಂದ.

ಎರಡು ಶನಿವಾರ ಪಟ್ಟಿಗಳು ಕೆಟ್ಟವು. ಮೂರನೆಯ ಶನಿವಾರ ಅರ ಸಮನಾಗಿ ಓಡಿತು. ಕೆವಿನ್ ಪಟ್ಟಿಯನ್ನು ಒರೆಸಿ ಭಾವನ ಕೈಗೆ ಕೊಟ್ಟ. ಸವರಿಮುತ್ತು ಬೆರಳಿನಿಂದ ಸವರಿದ. ಬೆಳಕಿಗೆ ಎದುರು ಹಿಡಿದ. ಮಟ್ಟವಾಗಿತ್ತು. ಇಷ್ಟು ಮಟ್ಟ ಬರಲು ಅವನಿಗೆ ಕಾರ್ಖಾನೆಯಲ್ಲಿ ಎಂಟು ತಿಂಗಳು ಹಿಡಿದಿತ್ತು. ಹಳೆಯ ಉರಿ ಎದೆಯಲ್ಲಿ ಮೆಲ್ಲಗೆ ಎದ್ದು ಬಂತು. ಎಡಗಡೆ ಇನ್ನೂ ಸ್ವಲ್ಪ ಏರಿದೆ ಎಂದು ಹೇಳಿದರೂ ಕೆವಿನ್ ನಂಬುತ್ತಿದ್ದ. ಅದು ಸವರಿಮುತ್ತುವಿಗೆ ಗೊತ್ತಿತ್ತು. ಕೆವಿನ್ ಅವನ ಮುಖವನ್ನೇ ನೋಡುತ್ತ ಕಾದ.

"ಸರ್ಯಾಗೇ ಅದೆ," ಎಂದ ಸವರಿಮುತ್ತು, ಕೊನೆಗೆ. ಚೀಲದಿಂದ ಇನ್ನೂ ನಯವಾದ ಅರ ತೆಗೆದು ಅವನ ಕೈಗೆ ಕೊಟ್ಟು, ಬೆಳಕು ಚೆನ್ನಾಗಿ ಬೀಳಲೆಂದು ತನ್ನ ಸ್ಟೂಲನ್ನು ಪಕ್ಕಕ್ಕೆ ಸರಿಸಿಕೊಂಡ.